ವೈಯಕ್ತಿಕ ಗಣಕಯಂತ್ರದಲ್ಲಿ ತೆರೆದಿರುವ ಅಪರಿಚಿತ ಜಾಲ ಪೋರ್ಟ್‌ಗಳನ್ನು ಗುರುತಿಸುವ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಮನೆ, ಅಂಗಡಿ, ಲೆಕ್ಕಪತ್ರ ಕಚೇರಿ ಹಾಗೂ ವಿದ್ಯಾಸಂಸ್ಥೆಗಳಲ್ಲಿ ಬಳಕೆಯಲ್ಲಿರುವ ವೈಯಕ್ತಿಕ ಗಣಕಯಂತ್ರಗಳು ಇಂದು ಬಹುಮಟ್ಟಿಗೆ ಸದಾಕಾಲ ಅಂತರ್ಜಾಲದ ಸಂಪರ್ಕದಲ್ಲಿರುತ್ತವೆ. ಯಂತ್ರದ ಮುಂದೆ ಯಾರೂ ಕುಳಿತಿಲ್ಲದ ವೇಳೆಯಲ್ಲಿಯೂ ಅದರೊಳಗಿನ ಹಲವು ತಂತ್ರಾಂಶಗಳು ಹೊರಗಿನಿಂದ ಬರಬಹುದಾದ ಸಂಪರ್ಕಗಳಿಗಾಗಿ ಕಾಯುತ್ತಿರುತ್ತವೆ. ಹೀಗೆ ಕಾಯಲು ತಂತ್ರಾಂಶಗಳು ಬಳಸುವ ಸಂಖ್ಯೆಗಳಿಗೆ ಪೋರ್ಟ್ ಎಂದು ಹೆಸರು.

ಗಣಕಯಂತ್ರದಲ್ಲಿ ಯಾವ ಪೋರ್ಟ್‌ಗಳು ತೆರೆದಿವೆ, ಅವುಗಳನ್ನು ತೆರೆದಿರುವ ತಂತ್ರಾಂಶ ಯಾವುದು ಹಾಗೂ ಅದು ಅಗತ್ಯವೇ ಎಂಬುದನ್ನು ಸಾಮಾನ್ಯ ಬಳಕೆದಾರರೇ ಪರಿಶೀಲಿಸಿಕೊಳ್ಳಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ. ಇದಕ್ಕೆ ವಿಶೇಷ ತಾಂತ್ರಿಕ ವಿದ್ಯಾರ್ಹತೆಯ ಅವಶ್ಯಕತೆ ಇರುವುದಿಲ್ಲ. ಲೆಕ್ಕಪುಸ್ತಕವನ್ನು ತಾಳೆ ನೋಡುವಷ್ಟು ತಾಳ್ಮೆ ಇದ್ದಲ್ಲಿ ಸಾಕು.

ಪ್ರಾರಂಭದಲ್ಲಿಯೇ ಎರಡು ಅಂಶಗಳನ್ನು ಗಮನದಲ್ಲಿರಿಸಿಕೊಳ್ಳತಕ್ಕದ್ದು. ಒಂದನೆಯದಾಗಿ, ಪೋರ್ಟ್ ಸಂಖ್ಯೆಯೊಂದು ಅಪರಿಚಿತವಾಗಿ ಕಂಡ ಮಾತ್ರಕ್ಕೆ ಅದು ಅಪಾಯಕಾರಿ ಎಂದು ಭಾವಿಸಬೇಕಾಗಿಲ್ಲ. ಎರಡನೆಯದಾಗಿ, ಪೋರ್ಟ್ ತೆರೆದಿರುವ ತಂತ್ರಾಂಶವು ಅಸಲಿಯಾಗಿದ್ದ ಮಾತ್ರಕ್ಕೆ ಆ ಪೋರ್ಟ್ ಸುರಕ್ಷಿತ ಎಂದೂ ಭಾವಿಸುವಂತಿಲ್ಲ.

2. ಪೋರ್ಟ್ ಎಂದರೇನು?

ಜಾಲದಲ್ಲಿರುವ ಪ್ರತಿಯೊಂದು ಗಣಕಯಂತ್ರಕ್ಕೂ ಒಂದು ಐಪಿ ವಿಳಾಸ ಇರುತ್ತದೆ. ಇದನ್ನು ಒಂದು ಕಚೇರಿ ಕಟ್ಟಡದ ವಿಳಾಸಕ್ಕೆ ಹೋಲಿಸಬಹುದು. ಕಚೇರಿಗೆ ಬರುವ ಸಾರ್ವಜನಿಕರು ಪಹಣಿಗೆ ಒಂದು ಕೌಂಟರ್‌ಗೆ, ಪಿಂಚಣಿ ಅರ್ಜಿಗೆ ಮತ್ತೊಂದು ಕೌಂಟರ್‌ಗೆ ಹೋಗುವಂತೆ, ಗಣಕಯಂತ್ರಕ್ಕೆ ಬರುವ ದತ್ತಾಂಶವು ನಿರ್ದಿಷ್ಟ ಪೋರ್ಟ್ ಸಂಖ್ಯೆಗೆ ಹೋಗುತ್ತದೆ. ಕೌಂಟರ್‌ನಲ್ಲಿ ಗುಮಾಸ್ತರು ಕುಳಿತಿದ್ದಲ್ಲಿ ಮಾತ್ರ ಅರ್ಜಿ ಸ್ವೀಕೃತವಾಗುತ್ತದೆ. ಅದೇ ರೀತಿ ಒಂದು ತಂತ್ರಾಂಶವು ಕಾಯುತ್ತಿದ್ದಲ್ಲಿ ಮಾತ್ರ ಆ ಪೋರ್ಟ್ ತೆರೆದಿದೆ ಎನ್ನಲಾಗುತ್ತದೆ. ಆದುದರಿಂದ ಪರಿಶೀಲಿಸಬೇಕಾದುದು ಕೌಂಟರ್‌ನ ಸಂಖ್ಯೆಯನ್ನಲ್ಲ, ಅಲ್ಲಿ ಕುಳಿತಿರುವವರು ಯಾರು ಎಂಬುದನ್ನು.

ಪೋರ್ಟ್ ಸಂಖ್ಯೆಗಳು 0 ಯಿಂದ 65535 ರವರೆಗೆ ಇರುತ್ತವೆ. ಟಿಸಿಪಿ ಮತ್ತು ಯುಡಿಪಿ ಎಂಬ ಎರಡು ಬಗೆಯ ಸಂವಹನ ನಿಯಮಗಳಿಗೆ ಈ ಸಂಖ್ಯೆಗಳು ಪ್ರತ್ಯೇಕವಾಗಿ ಅನ್ವಯಿಸುತ್ತವೆ. ಟಿಸಿಪಿಯಲ್ಲಿ ಮೊದಲು ಸಂಪರ್ಕ ಏರ್ಪಟ್ಟು ಅನಂತರ ದತ್ತಾಂಶ ರವಾನೆಯಾಗುತ್ತದೆ. ಯುಡಿಪಿಯಲ್ಲಿ ಅಂಚೆ ಕಾರ್ಡಿನಂತೆ ದತ್ತಾಂಶವನ್ನು ನೇರವಾಗಿ ಕಳುಹಿಸಲಾಗುತ್ತದೆ. ಸಂಖ್ಯೆಗಳನ್ನು ಈ ಕೆಳಕಂಡಂತೆ ಮೂರು ವರ್ಗಗಳಾಗಿ ವಿಂಗಡಿಸಲಾಗಿದೆ:

(ಅ) 0 ಯಿಂದ 1023: ಎಲ್ಲರಿಗೂ ತಿಳಿದಿರುವ ಸೇವೆಗಳು. ಜಾಲತಾಣಗಳಿಗೆ 80 ಮತ್ತು 443, ವಿಳಾಸ ಶೋಧನೆಗೆ 53, ಮಿಂಚಂಚೆ ರವಾನೆಗೆ 25 ಇತ್ಯಾದಿ.

(ಆ) 1024 ರಿಂದ 49151: ತಂತ್ರಾಂಶ ತಯಾರಕರು ಹಾಗೂ ಇತರರು ತಮ್ಮ ಸೇವೆಗಳಿಗಾಗಿ ನೋಂದಾಯಿಸಿಕೊಳ್ಳುವ ಸಂಖ್ಯೆಗಳು.

(ಇ) 49152 ರಿಂದ 65535: ಆಯಾ ಸಂದರ್ಭಕ್ಕೆ ತಾತ್ಕಾಲಿಕವಾಗಿ ಬಳಸಲಾಗುವ ಸಂಖ್ಯೆಗಳು.

ಈ ನೋಂದಣಿ ಪಟ್ಟಿಯನ್ನು ಐಎಎನ್‌ಎ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆಯು ನಿರ್ವಹಿಸುತ್ತದೆ. ಆದರೆ ನೋಂದಣಿಯು ಕೇವಲ ಒಪ್ಪಂದದ ಸ್ವರೂಪದ್ದಾಗಿದ್ದು, ಒಂದು ಸಂಖ್ಯೆಯನ್ನು ಬೇರೆ ತಂತ್ರಾಂಶವು ಬಳಸದಂತೆ ತಡೆಯುವ ಶಕ್ತಿ ಅದಕ್ಕೆ ಇರುವುದಿಲ್ಲ. ಪಟ್ಟಿಯಲ್ಲಿ ಹೆಸರು ಹುಡುಕಿ ಸಮಾಧಾನಪಟ್ಟುಕೊಳ್ಳುವುದು ಸಾಲದು ಎಂಬುದಕ್ಕೆ ಇದೇ ಕಾರಣ.

3. ಅಪರಿಚಿತ ಪೋರ್ಟ್‌ಗಳ ಬಗ್ಗೆ ಎಚ್ಚರಿಕೆ ಏಕೆ?

ಈ ಹಿಂದಿನ ಕೆಲವು ಘಟನೆಗಳಿಂದ ವಿಷಯದ ಗಂಭೀರತೆ ಸ್ಪಷ್ಟವಾಗುತ್ತದೆ.

2003 ರ ಜನವರಿ 25 ರಂದು ಸ್ಲ್ಯಾಮರ್ ಎಂಬ ಹುಳುವು ಯುಡಿಪಿ 1434 ಪೋರ್ಟ್ ಮೂಲಕ ಹರಡಿತು. ದೋಷವಿದ್ದ ಗಣಕಯಂತ್ರಗಳ ಪೈಕಿ ಶೇಕಡ 90 ರಷ್ಟು ಸುಮಾರು 10 ನಿಮಿಷಗಳಲ್ಲಿ ಅದಕ್ಕೆ ತುತ್ತಾದವು. ಮೈಕ್ರೋಸಾಫ್ಟ್ ಸಂಸ್ಥೆಯ ಎಸ್‌ಕ್ಯೂಎಲ್ ಸರ್ವರ್ 2000 ಹಾಗೂ ಅದರ ಕಿರು ಆವೃತ್ತಿಯಲ್ಲಿದ್ದ ದೋಷವನ್ನು ಈ ಹುಳು ಬಳಸಿಕೊಂಡಿತು. ಸದರಿ ಕಿರು ಆವೃತ್ತಿಯು ಬೇರೆ ತಂತ್ರಾಂಶಗಳ ಜೊತೆಯಲ್ಲಿ ತಾನಾಗಿಯೇ ಅಳವಡಿಕೆಯಾಗುತ್ತಿದ್ದುದರಿಂದ, ತಮ್ಮ ಯಂತ್ರದಲ್ಲಿ ಅಂತಹ ಒಂದು ಪೋರ್ಟ್ ತೆರೆದಿದೆ ಎಂಬುದೇ ಅನೇಕರಿಗೆ ತಿಳಿದಿರಲಿಲ್ಲ.

ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ಬ್ಲಾಸ್ಟರ್ ಹುಳುವು 135 ರ ಮೂಲಕವೂ, 2004 ರ ಏಪ್ರಿಲ್ ಅಂತ್ಯದಲ್ಲಿ ಸ್ಯಾಸರ್ ಹುಳುವು 445 ರ ಮೂಲಕವೂ ಹರಡಿದವು. 2017 ರ ಮೇ 12 ರಂದು ಅದೇ 445 ಪೋರ್ಟ್ ಮೂಲಕ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶವು ಸುಮಾರು 150 ದೇಶಗಳಿಗೆ ವ್ಯಾಪಿಸಿ, ಕಡತಗಳನ್ನು ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ಮುಂದೂಡಲ್ಪಟ್ಟವು.

ಈ ನಾಲ್ಕೂ ಪ್ರಕರಣಗಳಲ್ಲಿ ದೋಷ ಸರಿಪಡಿಸುವ ತಿದ್ದುಪಡಿಯು ದಾಳಿಗೆ ಮುಂಚಿತವಾಗಿಯೇ ಲಭ್ಯವಿತ್ತು. ಸ್ಲ್ಯಾಮರ್‌ಗೆ 2002 ರ ಜುಲೈನಲ್ಲಿ, ಬ್ಲಾಸ್ಟರ್‌ಗೆ 2003 ರ ಜುಲೈನಲ್ಲಿ, ಸ್ಯಾಸರ್‌ಗೆ 2004 ರ ಏಪ್ರಿಲ್ 13 ರಂದು ಹಾಗೂ ವನ್ನಾಕ್ರೈಗೆ 2017 ರ ಮಾರ್ಚ್ 14 ರಂದು ತಿದ್ದುಪಡಿಗಳು ಪ್ರಕಟವಾಗಿದ್ದವು. ತಿದ್ದುಪಡಿ ಅಳವಡಿಸಿಕೊಳ್ಳದೆ, ಪೋರ್ಟ್ ತೆರೆದಿರುವುದನ್ನೂ ಅರಿಯದೆ ಇದ್ದವರೇ ಹೆಚ್ಚಾಗಿ ನಷ್ಟಕ್ಕೆ ಒಳಗಾದರು.

4. ತೆರೆದ ಪೋರ್ಟ್‌ಗಳ ಪಟ್ಟಿಯನ್ನು ಪಡೆಯುವ ವಿಧಾನ

ವಿಂಡೋಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಇದಕ್ಕೆ ಬೇಕಾದ ಸಲಕರಣೆಗಳು ಅಂತರ್ಗತವಾಗಿಯೇ ಇರುತ್ತವೆ. ಯಾವುದನ್ನೂ ಖರೀದಿಸುವ ಅವಶ್ಯಕತೆ ಇರುವುದಿಲ್ಲ.

(ಅ) ಮೊದಲಿಗೆ ಬ್ರೌಸರ್, ಮಿಂಚಂಚೆ ಮುಂತಾದ ತೆರೆದಿರುವ ಎಲ್ಲಾ ತಂತ್ರಾಂಶಗಳನ್ನು ಮುಚ್ಚುವುದು. ಇದರಿಂದ ಪಟ್ಟಿಯು ಚಿಕ್ಕದಾಗಿ, ಓದಲು ಸುಲಭವಾಗುತ್ತದೆ.

(ಆ) ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟ್ ಅನ್ನು ಹುಡುಕಿ, ಮೌಸ್‌ನ ಬಲಗುಂಡಿ ಒತ್ತಿ, ಆಡಳಿತಗಾರರ ಅಧಿಕಾರದೊಂದಿಗೆ ತೆರೆಯುವ ಆಯ್ಕೆಯನ್ನು ಆರಿಸಿಕೊಳ್ಳುವುದು.

(ಇ) ತೆರೆದ ಕಪ್ಪು ಪರದೆಯಲ್ಲಿ ನೆಟ್‌ಸ್ಟ್ಯಾಟ್ ಎಂಬ ಆಜ್ಞೆಯನ್ನು, ಅಂದರೆ ಎನ್, ಇ, ಟಿ, ಎಸ್, ಟಿ, ಎ, ಟಿ ಎಂಬ ಏಳು ಆಂಗ್ಲ ಅಕ್ಷರಗಳನ್ನು ಬೆರಳಚ್ಚಿಸುವುದು. ಬಳಿಕ ಒಂದು ಅಕ್ಷರದಷ್ಟು ಜಾಗ ಬಿಟ್ಟು, ಒಂದು ಕಿರುಗೆರೆ ಹಾಕಿ, ಅದಕ್ಕೆ ಹೊಂದಿಕೊಂಡಂತೆ ಎ, ಎನ್, ಓ ಎಂಬ ಮೂರು ಅಕ್ಷರಗಳನ್ನು ಸೇರಿಸಿ ಎಂಟರ್ ಕೀಲಿ ಒತ್ತುವುದು.

ಇಲ್ಲಿ ‘ಎ’ ಅಕ್ಷರವು ಕಾಯುತ್ತಿರುವ ಪೋರ್ಟ್‌ಗಳೂ ಸೇರಿದಂತೆ ಎಲ್ಲವನ್ನೂ ತೋರಿಸುವಂತೆಯೂ, ‘ಎನ್’ ಅಕ್ಷರವು ಹೆಸರುಗಳ ಬದಲಿಗೆ ಸಂಖ್ಯೆಗಳನ್ನೇ ನೀಡುವಂತೆಯೂ, ‘ಓ’ ಅಕ್ಷರವು ಪ್ರತಿ ಸಾಲಿನ ಕೊನೆಯಲ್ಲಿ ಪ್ರಕ್ರಿಯೆಯ ಗುರುತು ಸಂಖ್ಯೆಯನ್ನು ತೋರಿಸುವಂತೆಯೂ ಸೂಚಿಸುತ್ತವೆ. ಇವುಗಳ ಜೊತೆಗೆ ‘ಬಿ’ ಅಕ್ಷರವನ್ನೂ ಸೇರಿಸಿದಲ್ಲಿ ತಂತ್ರಾಂಶದ ಹೆಸರು ಸಹ ಕಾಣಬರುತ್ತದೆ. ಆದರೆ ಪಟ್ಟಿ ಬರಲು ಹೆಚ್ಚು ಸಮಯ ತಗಲುತ್ತದೆ.

ಆಜ್ಞೆಗಳನ್ನು ಬೆರಳಚ್ಚಿಸಲು ಇಚ್ಛಿಸದವರು ಸ್ಟಾರ್ಟ್ ಮೆನುವಿನಲ್ಲಿ ರಿಸೋರ್ಸ್ ಮಾನಿಟರ್ ಅನ್ನು ತೆರೆದು, ನೆಟ್‌ವರ್ಕ್ ವಿಭಾಗದಲ್ಲಿರುವ ಲಿಸನಿಂಗ್ ಪೋರ್ಟ್ಸ್ ಎಂಬ ಪಟ್ಟಿಯನ್ನು ನೋಡಬಹುದು. ಇದರಲ್ಲಿ ತಂತ್ರಾಂಶದ ಹೆಸರು, ಗುರುತು ಸಂಖ್ಯೆ, ವಿಳಾಸ ಮತ್ತು ಪೋರ್ಟ್‌ನೊಂದಿಗೆ, ಫೈರ್‌ವಾಲ್ ಅದಕ್ಕೆ ಅನುಮತಿ ನೀಡಿದೆಯೇ ಎಂಬ ಅಂಕಣವೂ ಇರುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯು ಉಚಿತವಾಗಿ ಒದಗಿಸುವ ಟಿಸಿಪಿವ್ಯೂ ಎಂಬ ತಂತ್ರಾಂಶವೂ ಬಹುತೇಕ ಇದೇ ವಿವರಗಳನ್ನು ನೀಡುತ್ತದೆ.

ಲಿನಕ್ಸ್ ಬಳಕೆದಾರರು ಎಸ್‌ಎಸ್ ಎಂಬ ಆಜ್ಞೆಯನ್ನು ಟಿ, ಯು, ಎಲ್, ಪಿ, ಎನ್ ಅಕ್ಷರಗಳೊಂದಿಗೆ ಬಳಸಬಹುದು. ಮ್ಯಾಕ್ ಬಳಕೆದಾರರಿಗೆ ಎಲ್‌ಎಸ್‌ಓಎಫ್ ಎಂಬ ಆಜ್ಞೆಯು ಲಭ್ಯವಿದ್ದು, ಅದನ್ನು ಕಿರುಗೆರೆ ಮತ್ತು ಐ ಅಕ್ಷರದೊಂದಿಗೆ ಬಳಸತಕ್ಕದ್ದು. 2021 ರ ಮಾಂಟೆರಿ ಆವೃತ್ತಿಯಿಂದೀಚೆಗೆ ಮ್ಯಾಕ್ ಯಂತ್ರಗಳಲ್ಲಿ 5000 ಮತ್ತು 7000 ಪೋರ್ಟ್‌ಗಳು ತೆರೆದಿರುವುದು ಕಂಡುಬರಬಹುದು. ಇವು ಏರ್‌ಪ್ಲೇ ರಿಸೀವರ್ ಎಂಬ ಅಂತರ್ಗತ ಸೌಲಭ್ಯಕ್ಕೆ ಸೇರಿದವು.

5. ಪಟ್ಟಿಯನ್ನು ಓದುವ ಕ್ರಮ

ಪಟ್ಟಿಯಲ್ಲಿ ಐದು ಅಂಕಣಗಳಿರುತ್ತವೆ: ಸಂವಹನ ನಿಯಮ, ಸ್ಥಳೀಯ ವಿಳಾಸ, ಹೊರಗಿನ ವಿಳಾಸ, ಸ್ಥಿತಿ ಮತ್ತು ಪ್ರಕ್ರಿಯೆಯ ಗುರುತು ಸಂಖ್ಯೆ. ವಿಳಾಸದ ಅನಂತರ ಬರುವ ವಿಸರ್ಗದಂತಹ ಚಿಹ್ನೆಯ ಮುಂದಿನ ಅಂಕಿಯೇ ಪೋರ್ಟ್ ಸಂಖ್ಯೆ.

ಸ್ಥಿತಿ ಅಂಕಣದಲ್ಲಿ ಲಿಸನಿಂಗ್ ಎಂದಿದ್ದಲ್ಲಿ ತಂತ್ರಾಂಶವು ಹೊರಗಿನ ಸಂಪರ್ಕಕ್ಕಾಗಿ ಕಾಯುತ್ತಿದೆ ಎಂದು ಅರ್ಥ. ಎಸ್ಟಾಬ್ಲಿಷ್ಡ್ ಎಂದಿದ್ದಲ್ಲಿ ಆ ಕ್ಷಣದಲ್ಲಿ ಸಂಪರ್ಕವೊಂದು ಜಾರಿಯಲ್ಲಿದೆ. ಟೈಮ್ ವೇಟ್ ಎಂಬುದು ಮುಗಿದ ಸಂಪರ್ಕದ ಅವಶೇಷವಾಗಿದ್ದು ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಮರೆಯಾಗುತ್ತದೆ. ಯುಡಿಪಿ ಸಾಲುಗಳಲ್ಲಿ ಸ್ಥಿತಿ ಅಂಕಣವು ಖಾಲಿಯಾಗಿರುವುದು ಸಹಜ. ಯುಡಿಪಿಯಲ್ಲಿ ಸಂಪರ್ಕ ಎಂಬುದೇ ಇಲ್ಲದಿರುವುದು ಇದಕ್ಕೆ ಕಾರಣ.

ಪಟ್ಟಿಯಲ್ಲಿ ಬಹು ಮುಖ್ಯವಾದುದು ಸ್ಥಳೀಯ ವಿಳಾಸ. ಇದನ್ನು ಹಲವರು ಗಮನಿಸುವುದಿಲ್ಲ.

(ಅ) 127.0.0.1 ಎಂದಿದ್ದಲ್ಲಿ ಆ ಪೋರ್ಟ್ ಅದೇ ಗಣಕಯಂತ್ರದೊಳಗಿನ ತಂತ್ರಾಂಶಗಳಿಗೆ ಮಾತ್ರ ಮೀಸಲು. ಹೊರಗಿನವರು ಅದನ್ನು ನೇರವಾಗಿ ತಲುಪಲು ಸಾಧ್ಯವಿಲ್ಲ. ಇದು ಒಂದೇ ಕಚೇರಿಯ ಎರಡು ಶಾಖೆಗಳ ನಡುವಿನ ಆಂತರಿಕ ಕಿಟಕಿ ಇದ್ದಂತೆ.

(ಆ) 0.0.0.0 ಎಂದಿದ್ದಲ್ಲಿ ಯಂತ್ರದ ಎಲ್ಲಾ ಜಾಲ ಸಂಪರ್ಕಗಳ ಮೂಲಕ ಬರುವವರಿಗೂ ಆ ಪೋರ್ಟ್ ತೆರೆದಿದೆ. ಚೌಕಾವರಣದೊಳಗೆ ಎರಡು ಜೋಡಿ ಚುಕ್ಕೆಗಳಿದ್ದಲ್ಲಿ ಅದು ಐಪಿ ಆರನೆಯ ಆವೃತ್ತಿಯಲ್ಲಿ ಇದೇ ಅರ್ಥವನ್ನು ನೀಡುತ್ತದೆ.

(ಇ) 192.168 ಎಂದು ಪ್ರಾರಂಭವಾಗುವ ವಿಳಾಸವಿದ್ದಲ್ಲಿ ಅದು ಸಾಮಾನ್ಯವಾಗಿ ಮನೆ ಅಥವಾ ಕಚೇರಿಯ ಒಳಜಾಲಕ್ಕೆ ಸಂಬಂಧಿಸಿದ್ದು.

ಆದುದರಿಂದ, ಪರಿಶೀಲನೆಯನ್ನು 0.0.0.0 ವಿಳಾಸದಲ್ಲಿ ಲಿಸನಿಂಗ್ ಸ್ಥಿತಿಯಲ್ಲಿರುವ ಸಾಲುಗಳಿಂದ ಪ್ರಾರಂಭಿಸತಕ್ಕದ್ದು.

6. ಪೋರ್ಟ್ ತೆರೆದಿರುವ ತಂತ್ರಾಂಶವನ್ನು ಗುರುತಿಸುವುದು

ಪ್ರತಿ ಸಾಲಿನ ಕೊನೆಯಲ್ಲಿರುವ ಗುರುತು ಸಂಖ್ಯೆಯನ್ನು ಬರೆದಿಟ್ಟುಕೊಂಡು ಈ ಕೆಳಕಂಡ ಕ್ರಮವನ್ನು ಅನುಸರಿಸುವುದು:

(ಅ) ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯುವುದು. ಡೀಟೇಲ್ಸ್ ವಿಭಾಗದಲ್ಲಿ ಪಿಐಡಿ ಅಂಕಣದಲ್ಲಿ ಅದೇ ಸಂಖ್ಯೆಯನ್ನು ಹುಡುಕುವುದು.

(ಆ) ಸಿಗುವ ಹೆಸರಿನ ಮೇಲೆ ಬಲಗುಂಡಿ ಒತ್ತಿ, ಕಡತ ಇರುವ ಸ್ಥಳವನ್ನು ತೆರೆಯುವುದು. ಅಳವಡಿಸಿದ ತಂತ್ರಾಂಶಗಳು ಸಾಧಾರಣವಾಗಿ ಪ್ರೋಗ್ರಾಂ ಫೈಲ್ಸ್ ಕೋಶದಲ್ಲಿಯೂ, ವಿಂಡೋಸ್ ಸೇವೆಗಳು ವಿಂಡೋಸ್ ಕೋಶದೊಳಗಿನ ಸಿಸ್ಟಮ್32 ಉಪಕೋಶದಲ್ಲಿಯೂ ಇರುತ್ತವೆ. ತಾತ್ಕಾಲಿಕ ಕಡತಗಳ ಕೋಶದಲ್ಲಿ ಅಥವಾ ಡೌನ್‌ಲೋಡ್ಸ್ ಕೋಶದಲ್ಲಿ ಕಂಡುಬಂದಲ್ಲಿ ಅದು ಹೆಚ್ಚಿನ ಪರಿಶೀಲನೆಗೆ ಅರ್ಹ.

(ಇ) ಕಡತದ ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಹಿ ಇದೆಯೇ, ಯಾರ ಹೆಸರಿನಲ್ಲಿದೆ ಎಂಬುದನ್ನು ನೋಡುವುದು. ಕೆಲವು ಸಣ್ಣ ತಯಾರಕರ ಅಸಲಿ ತಂತ್ರಾಂಶಗಳಿಗೂ ಸಹಿ ಇರದಿರಬಹುದು. ಆದರೆ ಮೈಕ್ರೋಸಾಫ್ಟ್ ಹೆಸರು ಹೇಳಿಕೊಂಡು ತಪ್ಪು ಕೋಶದಲ್ಲಿದ್ದು, ಸಹಿಯೂ ಇಲ್ಲದಿದ್ದಲ್ಲಿ ಅನುಮಾನಕ್ಕೆ ಬಲವಾದ ಕಾರಣವಿದೆ.

ಎಸ್‌ವಿಸಿಹೋಸ್ಟ್ ಎಂಬ ಹೆಸರು ಪಟ್ಟಿಯಲ್ಲಿ ಹಲವು ಬಾರಿ ಕಾಣಬರುವುದು ಸಹಜ. ಇದು ಹಲವು ವಿಂಡೋಸ್ ಸೇವೆಗಳಿಗೆ ಆಶ್ರಯ ನೀಡುವ ಸಾಮಾನ್ಯ ಕಾರ್ಯಕ್ರಮವಾಗಿದ್ದು, ಹೆಸರು ಮಾತ್ರದಿಂದ ಏನೂ ತಿಳಿಯುವುದಿಲ್ಲ. ಇಂತಹ ಸಂದರ್ಭದಲ್ಲಿ ಟಾಸ್ಕ್ ಮ್ಯಾನೇಜರ್‌ನ ಸರ್ವೀಸಸ್ ವಿಭಾಗದಲ್ಲಿ ಅದೇ ಗುರುತು ಸಂಖ್ಯೆಯನ್ನು ಹುಡುಕಿ, ಒಳಗಿರುವ ಸೇವೆಯ ಹೆಸರನ್ನು ತಿಳಿದುಕೊಳ್ಳತಕ್ಕದ್ದು. ಈ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿ ಹೆಸರಿಟ್ಟುಕೊಂಡ ದುಷ್ಟ ತಂತ್ರಾಂಶಗಳು ಈ ಹಿಂದೆ ಪತ್ತೆಯಾಗಿರುವುದರಿಂದ ಕಾಗುಣಿತವನ್ನು ಅಕ್ಷರಶಃ ಓದುವುದು ಒಳ್ಳೆಯದು.

ಗುರುತು ಸಂಖ್ಯೆ 4 ಎಂದಿದ್ದಲ್ಲಿ ಅದು ವಿಂಡೋಸ್ ವ್ಯವಸ್ಥೆಯದೇ ಆಗಿರುತ್ತದೆ. ಇತರ ಗುರುತು ಸಂಖ್ಯೆಗಳು ಪ್ರತಿ ಬಾರಿ ಯಂತ್ರವನ್ನು ಚಾಲನೆ ಮಾಡಿದಾಗ ಬದಲಾಗುವುದರಿಂದ ನಿನ್ನೆ ಬರೆದಿಟ್ಟ ಸಂಖ್ಯೆಯನ್ನು ಇಂದು ಬಳಸುವಂತಿಲ್ಲ.

7. ಸಾಮಾನ್ಯವಾಗಿ ಕಾಣಬರುವ ಪೋರ್ಟ್‌ಗಳು

ಸುಸ್ಥಿತಿಯಲ್ಲಿರುವ ವಿಂಡೋಸ್ 10 ಅಥವಾ 11 ಯಂತ್ರದಲ್ಲಿಯೂ ಈ ಕೆಳಕಂಡ ಪೋರ್ಟ್‌ಗಳು ಕಾಣಬರಬಹುದು:

135 – ದೂರ ಪ್ರಕ್ರಿಯೆಗಳ ಸಮನ್ವಯ ಸೇವೆ. ಇದನ್ನು ನಿಲ್ಲಿಸಲು ಪ್ರಯತ್ನಿಸಬಾರದು.
137, 138, 139 ಮತ್ತು 445 – ಕಡತ ಹಾಗೂ ಮುದ್ರಕಗಳ ಹಂಚಿಕೆ.
1900 ಮತ್ತು 5353 (ಯುಡಿಪಿ) – ಒಳಜಾಲದಲ್ಲಿರುವ ಟಿವಿ, ಮುದ್ರಕ ಮುಂತಾದ ಸಾಧನಗಳ ಶೋಧನೆ.
5040 – ಸಂಪರ್ಕಿತ ಸಾಧನಗಳ ಸೇವೆ.
7680 – ವಿಂಡೋಸ್ ತಿದ್ದುಪಡಿಗಳನ್ನು ಅಕ್ಕಪಕ್ಕದ ಯಂತ್ರಗಳೊಂದಿಗೆ ಹಂಚಿಕೊಳ್ಳುವ ಸೇವೆ.
49664 ಹಾಗೂ ನಂತರದ ಕೆಲವು – ವಿಂಡೋಸ್‌ನ ಆಂತರಿಕ ಸೇವೆಗಳು.
3306, 5432, 1433 – ದತ್ತಸಂಚಯ ತಂತ್ರಾಂಶಗಳು. ಇವು ಅಳವಡಿಕೆಯಾಗಿದ್ದಲ್ಲಿ ಮಾತ್ರ ಕಾಣಬರುತ್ತವೆ.
3389 – ದೂರದಿಂದ ಯಂತ್ರವನ್ನು ನಿಯಂತ್ರಿಸುವ ರಿಮೋಟ್ ಡೆಸ್ಕ್‌ಟಾಪ್ ಸೌಲಭ್ಯ.

8. ನಿದರ್ಶನ

ವಿಧಾನವನ್ನು ಸ್ಪಷ್ಟಪಡಿಸಲು ಒಂದು ಕಾಲ್ಪನಿಕ ನಿದರ್ಶನವನ್ನು ನೀಡಲಾಗಿದೆ.

ತಾಲ್ಲೂಕು ಕೇಂದ್ರವೊಂದರಲ್ಲಿ ವರ್ತಕರ ತೆರಿಗೆ ವಿವರಪಟ್ಟಿಗಳನ್ನು ಸಿದ್ಧಪಡಿಸಿಕೊಡುವ ಒಂದು ಸಣ್ಣ ಕಚೇರಿ ಇದೆ ಎಂದಿಟ್ಟುಕೊಳ್ಳಬಹುದು. ಅಲ್ಲಿನ ಒಂದೇ ಗಣಕಯಂತ್ರದಲ್ಲಿ ನೂರಾರು ವರ್ತಕರ ಪ್ಯಾನ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ ಹಾಗೂ ಜಿಎಸ್‌ಟಿ ಗುಪ್ತಪದಗಳಿವೆ. ಪರಿಶೀಲಿಸಿದಾಗ ಮೇಲಿನ ಸಾಮಾನ್ಯ ಪೋರ್ಟ್‌ಗಳ ಜೊತೆಗೆ 9000, 9999 ಮತ್ತು 3389 ಎಂಬ ಮೂರು ಪೋರ್ಟ್‌ಗಳು ಕಂಡುಬಂದವು.

9000 ಎಂಬ ಸಂಖ್ಯೆಯು ಕಚೇರಿಯವರಿಗೆ ಅಪರಿಚಿತವಾಗಿದ್ದು ಆತಂಕ ಉಂಟಾಯಿತು. ಗುರುತು ಸಂಖ್ಯೆಯ ಮೂಲಕ ಹುಡುಕಿದಾಗ ಅದು ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಸಂಸ್ಥೆಯ ಟ್ಯಾಲಿ ಲೆಕ್ಕಪತ್ರ ತಂತ್ರಾಂಶದ್ದು ಎಂದು ತಿಳಿದುಬಂದಿತು. ಇತರ ತಂತ್ರಾಂಶಗಳು ಟ್ಯಾಲಿಯಿಂದ ದತ್ತಾಂಶ ಪಡೆಯಲು ಪೂರ್ವನಿಗದಿಯಾಗಿ 9000 ಪೋರ್ಟ್ ಬಳಕೆಯಾಗುತ್ತದೆ. 9999 ಅದರ ಪರವಾನಗಿ ಸೇವೆಗೆ ಸಂಬಂಧಿಸಿದ್ದು. ಕಡತಗಳು ಸರಿಯಾದ ಕೋಶದಲ್ಲಿದ್ದು, ಸಹಿಯೂ ಸರಿಯಾಗಿತ್ತು. ಟ್ಯಾಲಿಯನ್ನು ಮುಚ್ಚಿದ ಕೂಡಲೇ 9000 ಪಟ್ಟಿಯಿಂದ ಮರೆಯಾಯಿತು. ಒಂದೇ ಯಂತ್ರವಿರುವ ಕಚೇರಿಯಾದುದರಿಂದ ಈ ಪೋರ್ಟ್‌ಗಳಿಗೆ ಹೊರಗಿನಿಂದ ಪ್ರವೇಶದ ಅಗತ್ಯವಿರಲಿಲ್ಲ. ಆದ್ದರಿಂದ ಫೈರ್‌ವಾಲ್‌ನಲ್ಲಿ ಹೊರಗಿನ ಪ್ರವೇಶವನ್ನು ತಡೆಯಲಾಯಿತು.

3389 ರ ವಿಚಾರ ಬೇರೆಯಾಗಿತ್ತು. ಹೆಸರು ಎಸ್‌ವಿಸಿಹೋಸ್ಟ್, ಕೋಶ ಸಿಸ್ಟಮ್32, ಸಹಿ ಮೈಕ್ರೋಸಾಫ್ಟ್. ಯಾವ ಪರೀಕ್ಷೆಯಲ್ಲಿಯೂ ದೋಷ ಕಾಣಲಿಲ್ಲ. ಸೇವೆಯ ಹೆಸರು ಮಾತ್ರ ರಿಮೋಟ್ ಡೆಸ್ಕ್‌ಟಾಪ್ ಎಂದಿತ್ತು. ಕಚೇರಿಯಲ್ಲಿ ಯಾರೂ ಈ ಸೌಲಭ್ಯವನ್ನು ಬಳಸುತ್ತಿರಲಿಲ್ಲ. ವಿಚಾರಿಸಿದಾಗ, ಮೂರು ತಿಂಗಳ ಹಿಂದೆ ಯಂತ್ರ ದುರಸ್ತಿಗೆ ಬಂದಿದ್ದ ತಂತ್ರಜ್ಞರು ತಮ್ಮ ಸ್ಥಳದಿಂದಲೇ ಕೆಲಸ ಮಾಡಲು ಅದನ್ನು ಚಾಲನೆಗೊಳಿಸಿ, ರೂಟರ್‌ನಲ್ಲಿಯೂ ಹೊರಗಿನ ಸಂಪರ್ಕವನ್ನು ಈ ಯಂತ್ರಕ್ಕೆ ತಿರುಗಿಸುವ ನಿಯಮ ಹಾಕಿ, ಕೆಲಸ ಮುಗಿದ ಮೇಲೆ ತೆಗೆಯಲು ಮರೆತಿದ್ದರು. ಇವೆಂಟ್ ವ್ಯೂವರ್‌ನ ಭದ್ರತಾ ದಾಖಲೆಯಲ್ಲಿ 4625 ಎಂಬ ಸಂಖ್ಯೆಯ, ಅಂದರೆ ವಿಫಲವಾದ ಪ್ರವೇಶ ಯತ್ನಗಳ ನಮೂದುಗಳು ಹಗಲು ರಾತ್ರಿ ಎನ್ನದೆ ಸಾಲುಸಾಲಾಗಿದ್ದವು. ಅಪರಿಚಿತರು ಗುಪ್ತಪದವನ್ನು ಊಹಿಸಲು ಪ್ರಯತ್ನಿಸುತ್ತಿದ್ದರು. ಯಶಸ್ವಿ ಪ್ರವೇಶವನ್ನು ಸೂಚಿಸುವ 4624 ಸಂಖ್ಯೆಯ ನಮೂದುಗಳನ್ನು ಒಂದೊಂದಾಗಿ ನೋಡಿದಾಗ, ಹೊರಗಿನಿಂದ ಯಾರೂ ಒಳಬಂದಿಲ್ಲವೆಂದು ಖಚಿತವಾಯಿತು. ಸೌಲಭ್ಯವನ್ನು ನಿಲ್ಲಿಸಿ, ರೂಟರ್‌ನ ನಿಯಮವನ್ನು ತೆಗೆದು, ಎಲ್ಲಾ ಗುಪ್ತಪದಗಳನ್ನು ಬದಲಾಯಿಸಲಾಯಿತು.

ಅಪರಿಚಿತವಾಗಿ ಕಂಡ ಪೋರ್ಟ್ ಇಲ್ಲಿ ನಿರುಪದ್ರವಿಯಾಗಿತ್ತು. ಅಸಲಿ ಸಹಿ ಇದ್ದ ಪೋರ್ಟ್ ಅಪಾಯಕಾರಿಯಾಗಿತ್ತು. ‘ಇದು ಯಾರದ್ದು’ ಎಂಬ ಪ್ರಶ್ನೆಯ ಜೊತೆಗೆ ‘ಇದು ನಮಗೆ ಬೇಕೇ’ ಎಂಬ ಪ್ರಶ್ನೆಯನ್ನೂ ತಪ್ಪದೆ ಕೇಳಿಕೊಳ್ಳತಕ್ಕದ್ದು.

9. ಅನಗತ್ಯ ಪೋರ್ಟ್‌ಗಳನ್ನು ಮುಚ್ಚುವ ಕ್ರಮ

ಪೋರ್ಟ್ ಅನ್ನು ನೇರವಾಗಿ ಮುಚ್ಚುವ ಗುಂಡಿ ಇರುವುದಿಲ್ಲ. ಅದನ್ನು ತೆರೆದಿರುವ ತಂತ್ರಾಂಶದ ಬಗ್ಗೆ ಕ್ರಮ ಕೈಗೊಳ್ಳಬೇಕಾಗುತ್ತದೆ.

(ಅ) ತಂತ್ರಾಂಶವು ಬೇಡವಾಗಿದ್ದಲ್ಲಿ ಅದನ್ನು ಅಳವಡಿಕೆಯಿಂದ ತೆಗೆದುಹಾಕುವುದು.
(ಆ) ತಂತ್ರಾಂಶ ಬೇಕಾಗಿದ್ದು ಜಾಲಸೇವೆ ಮಾತ್ರ ಬೇಡವಾಗಿದ್ದಲ್ಲಿ, ಅದರ ಸಂಯೋಜನೆಯಲ್ಲಿ ಆ ಸೇವೆಯನ್ನು ನಿಲ್ಲಿಸುವುದು.
(ಇ) ಸೇವೆಯೂ ಬೇಕಾಗಿದ್ದು ಹೊರಗಿನವರಿಗೆ ಬೇಡವಾಗಿದ್ದಲ್ಲಿ, ಫೈರ್‌ವಾಲ್‌ನಲ್ಲಿ ಒಳಬರುವ ಸಂಪರ್ಕವನ್ನು ತಡೆಯುವ ನಿಯಮ ರಚಿಸುವುದು.

2004 ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿ ಎರಡನೆಯ ಸೇವಾ ಕಂತಿನಿಂದ ಈಚೆಗೆ ವಿಂಡೋಸ್ ಫೈರ್‌ವಾಲ್ ಪೂರ್ವನಿಗದಿಯಾಗಿಯೇ ಚಾಲನೆಯಲ್ಲಿರುತ್ತದೆ. ಅನುಮತಿ ನೀಡದ ಹೊರತು ಒಳಬರುವ ಸಂಪರ್ಕವನ್ನು ಅದು ತಡೆಯುತ್ತದೆ. ಆದರೆ ಹೊಸ ತಂತ್ರಾಂಶ ಪೋರ್ಟ್ ತೆರೆದಾಗ ಬರುವ ಅನುಮತಿ ಕೋರಿಕೆಯ ಕಿಟಕಿಯಲ್ಲಿ ಓದದೆಯೇ ಒಪ್ಪಿಗೆ ನೀಡುವುದು ರೂಢಿಯಾಗಿದೆ. ಈ ಅಭ್ಯಾಸವನ್ನು ಕೈಬಿಡತಕ್ಕದ್ದು. ಬಸ್ ನಿಲ್ದಾಣ, ಹೋಟೆಲ್ ಮುಂತಾದ ಕಡೆಗಳಲ್ಲಿ ವೈಫೈ ಬಳಸುವಾಗ ಜಾಲದ ಬಗೆಯನ್ನು ಪಬ್ಲಿಕ್ ಎಂದೇ ಆಯ್ಕೆ ಮಾಡತಕ್ಕದ್ದು.

ವಿಂಡೋಸ್ 10 ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025 ರ ಅಕ್ಟೋಬರ್ 14 ರಂದು ಕೊನೆಗೊಂಡಿದೆ. ಈ ಆವೃತ್ತಿಯನ್ನು ಬಳಸುತ್ತಿರುವವರು ವಿಸ್ತರಿತ ಭದ್ರತಾ ತಿದ್ದುಪಡಿಗೆ ನೋಂದಾಯಿಸಿಕೊಳ್ಳುವುದು ಅಥವಾ ಹೊಸ ಆವೃತ್ತಿಗೆ ಬದಲಾಗುವುದು ಸೂಕ್ತ. ಹೊಸ ತಿದ್ದುಪಡಿ ದೊರೆಯದ ಯಂತ್ರದಲ್ಲಿ ತೆರೆದ ಪೋರ್ಟ್ ಇದ್ದಲ್ಲಿ ಅಪಾಯ ಹೆಚ್ಚು.

10. ಕಾನೂನಿನ ಎಚ್ಚರಿಕೆ

ಪೋರ್ಟ್‌ಗಳನ್ನು ಹೊರಗಿನಿಂದ ಪರೀಕ್ಷಿಸುವ ಎನ್‌ಮ್ಯಾಪ್ ಮುಂತಾದ ತಂತ್ರಾಂಶಗಳು ಲಭ್ಯವಿವೆ. ಇವುಗಳನ್ನು ಸ್ವಂತ ಗಣಕಯಂತ್ರ ಹಾಗೂ ಸ್ವಂತ ಜಾಲದ ಮೇಲೆ ಮಾತ್ರ ಬಳಸತಕ್ಕದ್ದು. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000 ರ 43 ನೆಯ ಪ್ರಕರಣದ ಮೇರೆಗೆ ಮಾಲೀಕರ ಅನುಮತಿಯಿಲ್ಲದೆ ಗಣಕಯಂತ್ರವನ್ನು ಪ್ರವೇಶಿಸುವುದು ಪರಿಹಾರಕ್ಕೆ ಗುರಿಪಡಿಸುವ ಕೃತ್ಯವಾಗಿರುತ್ತದೆ. ಅದೇ ಕೃತ್ಯವನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಎಸಗಿದಲ್ಲಿ 66 ನೆಯ ಪ್ರಕರಣದ ಮೇರೆಗೆ 3 ವರ್ಷಗಳವರೆಗೆ ಕಾರಾವಾಸ, ಅಥವಾ 5 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ, ಅಥವಾ ಎರಡನ್ನೂ ವಿಧಿಸಬಹುದಾಗಿದೆ.

11. ಅನುಮಾನ ಬಲವಾದಲ್ಲಿ ಕೈಗೊಳ್ಳಬೇಕಾದ ಕ್ರಮಗಳು

(ಅ) ಜಾಲದ ತಂತಿಯನ್ನು ಕಳಚುವುದು ಅಥವಾ ವೈಫೈ ನಿಲ್ಲಿಸುವುದು.
(ಆ) ಕಡತವನ್ನು ಕೂಡಲೇ ಅಳಿಸಬಾರದು. ಪೋರ್ಟ್ ಸಂಖ್ಯೆ, ತಂತ್ರಾಂಶದ ಹೆಸರು, ಕೋಶ, ಹೊರಗಿನ ವಿಳಾಸ, ದಿನಾಂಕ ಮತ್ತು ವೇಳೆಯನ್ನು ಬರೆದಿಟ್ಟುಕೊಂಡು ಪರದೆಯ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು. ದೂರು ನೀಡುವ ಸಂದರ್ಭ ಬಂದಲ್ಲಿ ಇವು ಸಾಕ್ಷ್ಯವಾಗುತ್ತವೆ.
(ಇ) ವೈರಾಣು ನಿರೋಧಕ ತಂತ್ರಾಂಶದಿಂದ ಸಂಪೂರ್ಣ ತಪಾಸಣೆ ನಡೆಸುವುದು. ಕೇಂದ್ರ ಸರ್ಕಾರವು 2017 ರ ಫೆಬ್ರವರಿಯಲ್ಲಿ ಪ್ರಾರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ಉಚಿತ ಶುದ್ಧೀಕರಣ ಸಲಕರಣೆಗಳು ಲಭ್ಯವಿವೆ.
(ಈ) ಬ್ಯಾಂಕ್, ಮಿಂಚಂಚೆ ಮುಂತಾದ ಗುಪ್ತಪದಗಳನ್ನು ಬೇರೊಂದು ಸುರಕ್ಷಿತ ಯಂತ್ರದಿಂದ ಬದಲಾಯಿಸುವುದು.
(ಉ) ಹಣ ಕಳೆದುಹೋಗಿದ್ದಲ್ಲಿ ಕ್ಷಣವೂ ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930 ಕ್ಕೆ ಕರೆ ಮಾಡಿ, ತಮ್ಮ ಬ್ಯಾಂಕಿಗೂ ತಿಳಿಸುವುದು. ಕರ್ನಾಟಕದಲ್ಲಿ ಸಿಇಎನ್ ಪೊಲೀಸ್ ಠಾಣೆಗಳಲ್ಲಿಯೂ ದೂರು ದಾಖಲಿಸಬಹುದು.

ದೂರವಾಣಿಯಲ್ಲಿ ಬ್ಯಾಂಕಿನವರು ಅಥವಾ ತಾಂತ್ರಿಕ ಸಿಬ್ಬಂದಿ ಎಂದು ಹೇಳಿಕೊಂಡು, ಇದೇ ನೆಟ್‌ಸ್ಟ್ಯಾಟ್ ಪಟ್ಟಿಯನ್ನು ತೆರೆಸಿ, ಅಲ್ಲಿರುವ ಸಹಜ ಸಾಲುಗಳನ್ನೇ ತೋರಿಸಿ ‘ನಿಮ್ಮ ಯಂತ್ರಕ್ಕೆ ಕನ್ನ ಬಿದ್ದಿದೆ’ ಎಂದು ಹೆದರಿಸಿ, ದೂರನಿಯಂತ್ರಣ ತಂತ್ರಾಂಶ ಅಳವಡಿಸಿಕೊಳ್ಳುವಂತೆ ಒತ್ತಾಯಿಸುವ ವಂಚಕರಿದ್ದಾರೆ. ಪಟ್ಟಿಯನ್ನು ಸ್ವತಃ ಓದಬಲ್ಲವರು ಇಂತಹ ಬೆದರಿಕೆಗೆ ಒಳಗಾಗುವುದಿಲ್ಲ.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಎಲ್ಲಾ ಪೋರ್ಟ್‌ಗಳನ್ನೂ ಮುಚ್ಚಿಬಿಟ್ಟರೆ ಆಗುವುದಿಲ್ಲವೇ?
ಉತ್ತರ: ಇಲ್ಲ. ವಿಂಡೋಸ್‌ನ ಕೆಲವು ಸೇವೆಗಳು ಪರಸ್ಪರ ಸಂವಹನಕ್ಕೆ ಪೋರ್ಟ್‌ಗಳನ್ನೇ ಅವಲಂಬಿಸಿರುತ್ತವೆ. ಅವುಗಳನ್ನು ನಿಲ್ಲಿಸಿದಲ್ಲಿ ಯಂತ್ರವೇ ಸರಿಯಾಗಿ ಕಾರ್ಯನಿರ್ವಹಿಸದಿರಬಹುದು. ಹೊರಗಿನ ಪ್ರವೇಶವನ್ನು ಫೈರ್‌ವಾಲ್ ಮೂಲಕ ತಡೆಯುವುದು ಸೂಕ್ತ.

ಪ್ರಶ್ನೆ: 12345 ಅಥವಾ 31337 ಪೋರ್ಟ್ ತೆರೆದಿದ್ದಲ್ಲಿ ದುಷ್ಟ ತಂತ್ರಾಂಶ ಇದೆ ಎಂದೇ ಅರ್ಥವೇ?
ಉತ್ತರ: 1998 ರಲ್ಲಿ ಹೊರಬಂದ ನೆಟ್‌ಬಸ್ ಮತ್ತು ಬ್ಯಾಕ್ ಆರಿಫಿಸ್ ಎಂಬ ಕಾರ್ಯಕ್ರಮಗಳು ಕ್ರಮವಾಗಿ ಈ ಸಂಖ್ಯೆಗಳನ್ನು ಬಳಸುತ್ತಿದ್ದುದರಿಂದ ಈ ನಂಬಿಕೆ ಬೆಳೆದಿದೆ. ಸಂಖ್ಯೆಯೊಂದೇ ಸಾಕ್ಷ್ಯವಾಗುವುದಿಲ್ಲ. ಮೇಲಿನ 6 ನೆಯ ಕಂಡಿಕೆಯ ಕ್ರಮದಲ್ಲಿ ತಂತ್ರಾಂಶವನ್ನೇ ಗುರುತಿಸತಕ್ಕದ್ದು.

ಪ್ರಶ್ನೆ: ಅನುಮಾನಾಸ್ಪದ ಪೋರ್ಟ್ ಯಾವುದೂ ಇಲ್ಲದಿದ್ದಲ್ಲಿ ಯಂತ್ರವು ಪೂರ್ಣ ಸುರಕ್ಷಿತವೇ?
ಉತ್ತರ: ಹಾಗೆ ಹೇಳಲಾಗದು. ಇಂದಿನ ಬಹಳಷ್ಟು ದುಷ್ಟ ತಂತ್ರಾಂಶಗಳು ಒಳಗೆ ಕಾಯುವ ಬದಲು ತಾವೇ ಹೊರಗಿನ ವಿಳಾಸದ 443 ಪೋರ್ಟ್‌ಗೆ ಸಂಪರ್ಕ ಸಾಧಿಸುತ್ತವೆ. ಆದ್ದರಿಂದ ಬ್ರೌಸರ್ ಮುಚ್ಚಿದ ಮೇಲೂ ಎಸ್ಟಾಬ್ಲಿಷ್ಡ್ ಸ್ಥಿತಿಯಲ್ಲಿ ಉಳಿಯುವ ಸಾಲುಗಳನ್ನೂ ಇದೇ ಕ್ರಮದಲ್ಲಿ ಪರಿಶೀಲಿಸುವುದು ಒಳ್ಳೆಯದು.

13. ಮುಕ್ತಾಯ

ಯಂತ್ರವು ಸುಸ್ಥಿತಿಯಲ್ಲಿರುವಾಗಲೇ ತೆರೆದ ಪೋರ್ಟ್‌ಗಳ ಪಟ್ಟಿಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಪ್ರತಿಯೊಂದರ ಮುಂದೆ ತಂತ್ರಾಂಶದ ಹೆಸರು ಹಾಗೂ ಅಗತ್ಯದ ಕಾರಣವನ್ನು ನಮೂದಿಸುವುದು ಉತ್ತಮ. ನಗದು ಪುಸ್ತಕವನ್ನು ಬ್ಯಾಂಕ್ ಪಾಸ್‌ಪುಸ್ತಕದೊಂದಿಗೆ ತಿಂಗಳಿಗೊಮ್ಮೆ ತಾಳೆ ನೋಡುವಂತೆ ಈ ಪಟ್ಟಿಯನ್ನೂ ತಾಳೆ ನೋಡಿದಲ್ಲಿ, ಹೊಸದಾಗಿ ಸೇರಿದ ಸಾಲು ಕೂಡಲೇ ಕಣ್ಣಿಗೆ ಬೀಳುತ್ತದೆ. ಯಂತ್ರವನ್ನು ದುರಸ್ತಿಗೆ ನೀಡಿ ಹಿಂಪಡೆದಾಗ ಹಾಗೂ ಹೊಸ ತಂತ್ರಾಂಶ ಅಳವಡಿಸಿದಾಗ ಈ ಪರಿಶೀಲನೆಯನ್ನು ತಪ್ಪದೆ ನಡೆಸತಕ್ಕದ್ದು. ಇದಕ್ಕೆ ತಗಲುವ ಸಮಯ ಸ್ವಲ್ಪವೇ. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.